ಉಗುರಿನ ಹಳದಿ ಬಣ್ಣ: ಯಾವ ಕಲೆಗೆ ಏನು ಮಾಡಬೇಕು

ಬ್ಯೂಟಿಷಿಯನ್ ಕೋರ್ಸ್‌ನಲ್ಲಿ ಉಗುರಿನ ಪಾಠ ಮುಗಿಸಿ ಬಂದಿದ್ದೇನೆ. ಕತ್ತರಿಸೋದು, ಫೈಲ್ ಮಾಡೋದು ಎಲ್ಲರಿಗೂ ಗೊತ್ತಿರುತ್ತದೆ, ಅದನ್ನು ಬಿಡುತ್ತೇನೆ. ನಾನು ಸಿಕ್ಕಿಹಾಕಿಕೊಂಡಿದ್ದು ಹಳದಿ ಬಣ್ಣ ತೆಗೆಯುವ ಹತ್ತಿರ.

ಅರಿಶಿನದ ಹಳದಿ

ಅಕ್ಕನ ಮದುವೆಯ ಅರಿಶಿನ ಶಾಸ್ತ್ರದಲ್ಲಿ ಬಟ್ಟಲು ಹಿಡಿದವಳು ನಾನೇ. ಹತ್ತೂ ಉಗುರು ಹಳದಿ. ಅಡುಗೆ ಸೋಡಾ ಕಲಸಿ ಹಚ್ಚಿದೆ. ಒಂದು ನಿಮಿಷದೊಳಗೆ ಉಗುರಿನ ಸಂದಿಯೆಲ್ಲ ಕೆಂಪುಗಂದು ಆಯಿತು, ಗಾಯ ಆಯಿತೇನೋ ಅಂತ ಹೆದರಿ ತೊಳೆದು ನಿಂಬೆರಸ ಸವರಿದೆ. ಕೆಂಪು ಹೋಯಿತು, ಹಳದಿ ವಾಪಸ್ ಬಂತು! ಅಜ್ಜಿ ಕೈ ಹಿಡಿದು ನೋಡಿ, "ಆರತಿ ನೀರಿಗೆ ಅರಿಶಿನದ ಜೊತೆ ಸುಣ್ಣ ಹಾಕಲ್ವೇನೇ? ಅದೇ ಇದು" ಅಂದರು.

ಇಲ್ಲೇ ನನಗೆ ವಿಷಯ ಅರ್ಥವಾಗಿದ್ದು. ಅರಿಶಿನದ ಬಣ್ಣಕ್ಕೆ ಕಾರಣ ಕರ್ಕ್ಯುಮಿನ್. ಸುಣ್ಣ, ಸೋಡಾ, ಸೋಪಿನಂಥ ಕ್ಷಾರ ತಾಗಿದರೆ ಅದು ಕೆಂಪಾಗುತ್ತದೆ, ನಿಂಬೆಯಂಥ ಹುಳಿ ತಾಗಿದರೆ ಮತ್ತೆ ಹಳದಿ. ಅಂದರೆ ನಾನು ಅಷ್ಟು ಹೊತ್ತು ಬಣ್ಣ ಬದಲಾಯಿಸುತ್ತಿದ್ದೆ ಅಷ್ಟೇ, ತೆಗೆಯುತ್ತಿರಲಿಲ್ಲ.

ತೆಗೆಯೋಕೆ ಬೇಕಾಗಿದ್ದು ಎಣ್ಣೆ, ಯಾಕಂದ್ರೆ ಕರ್ಕ್ಯುಮಿನ್ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಹತ್ತಿಯಿಂದ ಒರೆಸಿ. ಹತ್ತಿ ಹಳದಿಯಾಗೋದು ಕಣ್ಣಿಗೇ ಕಾಣುತ್ತದೆ. ಆಮೇಲೆ ಸೋಪು. ಆಗ ಸ್ವಲ್ಪ ಕೆಂಪಾದರೆ ಗಾಬರಿ ಬೇಡ, ಇನ್ನೂ ಬಣ್ಣ ಉಳಿದಿದೆ ಅಂತ ಅರ್ಥ, ಇನ್ನೊಂದು ಸಲ ಎಣ್ಣೆ ಹಚ್ಚಿ. ಉಳಿದದ್ದನ್ನು ಬಿಸಿಲು ನೋಡಿಕೊಳ್ಳುತ್ತದೆ. ಅರಿಶಿನ ಅಂಟಿದ ಬಟ್ಟೆಯನ್ನು ಬಿಸಿಲಿಗೆ ಒಣಹಾಕಿದರೆ ಕಲೆ ಮಾಸುತ್ತದಲ್ವಾ, ಹಾಗೆ.

ಒಂದು ಎಚ್ಚರಿಕೆ, ದಯವಿಟ್ಟು ನೆನಪಿಡಿ: ನಿಂಬೆರಸ ಹಚ್ಚಿಕೊಂಡು ಬಿಸಿಲಲ್ಲಿ ಕೂರಬೇಡಿ. ನಿಂಬೆಯಲ್ಲಿರುವ ಕೆಲವು ಅಂಶಗಳಿಗೆ ಬಿಸಿಲು ಬಿದ್ದರೆ ಚರ್ಮ ಸುಟ್ಟಂತಾಗಿ ಬೊಬ್ಬೆ ಬರಬಹುದು, ಕಪ್ಪು ಕಲೆ ವಾರಗಟ್ಟಲೆ ಉಳಿಯಬಹುದು. ಎಣ್ಣೆ ಇದ್ದಾಗ ನಿಂಬೆ ಬೇಕಾಗಿಯೂ ಇಲ್ಲ.

ನೇಲ್ ಪಾಲಿಶ್ ಹಳದಿ

ಇದು ಬೇರೆ. ಗಾಢ ಕೆಂಪು ಪಾಲಿಶ್ ಹೆಚ್ಚು ದಿನ ಬಿಟ್ಟರೆ ಅದರ ಬಣ್ಣ ಉಗುರಿನ ಮೇಲಿನ ಪದರಕ್ಕೆ ಇಳಿಯುತ್ತದೆ, ಎಣ್ಣೆಗೆ ಬಗ್ಗಲ್ಲ. ಬಫರ್ (ಉಗುರು ನಯ ಮಾಡುವ ಉಜ್ಜುಪಟ್ಟಿ) ಉಜ್ಜಿದರೆ ಹೊಳಪು ಬರುತ್ತದೆ ನಿಜ, ಆದರೆ ಉಗುರೇ ತೆಳ್ಳಗಾಗುತ್ತದೆ, ಸವೆದ ಪದರ ಅಲ್ಲಿ ಮತ್ತೆ ಬೆಳೆಯಲ್ಲ. ಕೈ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತದೆ, ಬುಡದಿಂದ ತುದಿಗೆ ಬರೋಕೆ ಹತ್ತಿರಹತ್ತಿರ 6 ತಿಂಗಳು. ಕಾಯೋದೇ ಒಳ್ಳೆಯದು. ಮುಂದಿನ ಸಲ ಬಣ್ಣಕ್ಕೆ ಮುಂಚೆ ಬೇಸ್ ಕೋಟ್ ಅನ್ನೋ ಬಣ್ಣವಿಲ್ಲದ ಪದರ ಹಚ್ಚಿ.

ಗೋರಂಟಿಯದ್ದೂ ಇದೇ ಕಥೆ. ಅದರ ಬಣ್ಣ ಉಗುರಿನ ಮುಖ್ಯ ಪ್ರೋಟೀನ್ ಆದ ಕೆರಾಟಿನ್‌ಗೆ ಅಂಟಿಕೊಳ್ಳುತ್ತದೆ. ಅಂಗೈ ಚರ್ಮ ಉದುರಿ ಹೊಸದು ಬರುತ್ತದೆ, ಉಗುರು ಹಾಗಲ್ಲ. ಅದಕ್ಕೇ ಅಂಗೈ ಬಣ್ಣ ಹೋದ ಮೇಲೂ ಉಗುರಿನ ತುದಿಯಲ್ಲಿ ಕಿತ್ತಳೆ ಚಂದ್ರನ ಥರ ಉಳಿದಿರುತ್ತದೆ. ನನಗಂತೂ ಅದು ಚೆಂದವೇ ಕಾಣುತ್ತದೆ, ಸುಮ್ನೆ ಬಿಡುತ್ತೇನೆ.

ಉಳಿದವು

ಉಗುರು ಒದ್ದೆ ಇದ್ದಾಗ ಫೈಲ್ ಮಾಡಬೇಡಿ, ಮೆತ್ತಗಾಗಿ ಪದರ ಬಿಡುತ್ತದೆ. ಬುಡದ ತೆಳು ಚರ್ಮ, ಅಂದರೆ ಕ್ಯೂಟಿಕಲ್, ಕತ್ತರಿಸಬೇಡಿ, ಕೊಳೆ ಒಳಹೋಗದಂತೆ ತಡೆಯೋದು ಅದೇ, ಕತ್ತರಿಸಿದರೆ ಉಗುರುಸುತ್ತು ಆಗೋ ಸಾಧ್ಯತೆ ಜಾಸ್ತಿ. ಪಾತ್ರೆ ತೊಳೆಯುವಾಗ ಗ್ಲೌಸ್, ಮಲಗುವಾಗ ಒಂದು ಹನಿ ಎಣ್ಣೆ. ಬಿಳಿ ಚುಕ್ಕೆ ಬಂದರೆ ಕ್ಯಾಲ್ಸಿಯಂ ಕಮ್ಮಿ ಅನ್ನುತ್ತಾರೆ, ಆದರೆ ಹೆಚ್ಚಾಗಿ ಅದು ಬುಡಕ್ಕೆ ಬಿದ್ದ ಸಣ್ಣ ಪೆಟ್ಟಿನ ಗುರುತು. ಏನೂ ಹಚ್ಚದೆ ಉಗುರು ಹಳದಿಯಾಗಿ ದಪ್ಪಗಾದರೆ, ಅಥವಾ ಒಂದೇ ಉಗುರಲ್ಲಿ ಹೊಸದಾಗಿ ಕಪ್ಪು ಗೆರೆ ಮೂಡಿದರೆ, ಮನೆಮದ್ದು ಮಾಡುತ್ತಾ ಕೂರದೆ ಚರ್ಮದ ಡಾಕ್ಟರಿಗೆ ತೋರಿಸಿ. ಹೋಗುವಾಗ ಪಾಲಿಶ್ ತೆಗೆದಿರಿ, ಇಲ್ಲಾಂದ್ರೆ ಅವರಿಗೆ ಕಾಣೋದಿಲ್ಲ.