ಒಂದು ದಿನ ಅಡ್ಮಿಟ್ ಮಾಡ್ಕೊಳ್ಳಿ ಸಾರ್

"ಸಾರ್, ಒಂದೇ ಒಂದು ದಿನ ಅಡ್ಮಿಟ್ ಮಾಡ್ಕೊಂಡ್ಬಿಡಿ. ಸ್ಕ್ಯಾನಿಂಗ್ ಎಲ್ಲಾ ಇನ್ಶೂರೆನ್ಸಲ್ಲಿ ಆಗೋಗುತ್ತೆ."

ತಾಲ್ಲೂಕು ಊರಿನಲ್ಲಿ ಫಿಜಿಷಿಯನ್ ಆಗಿರುವ ನಾನು ಈ ಮಾತು ಕೇಳದ ವಾರವಿಲ್ಲ. ಕೇಳುವವರ ಮೇಲೆ ಸಿಟ್ಟು ಬರುವುದಿಲ್ಲ, ಸಂಕಟವಾಗುತ್ತದೆ. ವರ್ಷಾವರ್ಷ ಪ್ರೀಮಿಯಂ ಕಟ್ಟಿರುತ್ತಾರೆ. ಆದರೂ ಎಂಆರ್‌ಐ ಬರೆದುಕೊಟ್ಟರೆ ದುಡ್ಡು ಕೈಯಿಂದಲೇ ಹೋಗಬೇಕು. ಕಣ್ಣಿನ ಪೊರೆ, ಡಯಾಲಿಸಿಸ್‌ನಂಥ, ಅದೇ ದಿನ ಮನೆಗೆ ಕಳಿಸುವ ಡೇ ಕೇರ್ ಚಿಕಿತ್ಸೆ ಬಿಟ್ಟರೆ, ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿ ಮಲಗಿದವರ ಖರ್ಚು ಮಾತ್ರ ನಮ್ಮ ಬಹುತೇಕ ಪಾಲಿಸಿಗಳ ಲೆಕ್ಕಕ್ಕೆ ಬರುತ್ತದೆ. ಬರೀ ತಪಾಸಣೆಗೆಂದು ಮಲಗಿಸಿದರೆ ಕ್ಲೇಮ್ ಕೊಡುವುದಿಲ್ಲ ಎಂದು ಪಾಲಿಸಿ ಪತ್ರದಲ್ಲೇ ಅಚ್ಚಾಗಿರುತ್ತದೆ. ನಾನು ಇಲ್ಲ ಅಂದಮೇಲೆ ಅರ್ಧ ಜನ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು ಹೋಗುತ್ತಾರೆ. ಆ ಸ್ಕ್ಯಾನ್ ಆಗುವುದೇ ಇಲ್ಲ.

ಸರ್ಕಾರಿ ಕಾರ್ಡಿನಲ್ಲೂ ತೂತು ಅದೇ ಜಾಗದಲ್ಲಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ದೊಡ್ಡ ಆಪರೇಷನ್ ಬಂದಾಗ ಎಷ್ಟೋ ಮನೆಗಳ ಹೊಲ ಉಳಿಸಿದ ಯೋಜನೆ ಇದು. ಆದರೆ ದಿನಾ ನುಂಗುವ ಗುಳಿಗೆ, ಮೂರು ತಿಂಗಳಿಗೊಮ್ಮೆಯ ರಕ್ತ ಪರೀಕ್ಷೆ ಅದರೊಳಗೆ ಬರುವುದಿಲ್ಲ.

ಶೇಂಗಾ ಬೆಳೆಯುವ ರೈತರೊಬ್ಬರು ಬಂದಿದ್ದರು. ಬಲಗಾಲಿನ ಹೆಬ್ಬೆರಳಿಗೆ ಅರಿಶಿನ ಮೆತ್ತಿ, ಹಳೇ ಪಂಚೆಯ ಚೂರು ಸುತ್ತಿದ್ದರು. ಬಿಚ್ಚುವಷ್ಟರಲ್ಲೇ ವಾಸನೆ ಬಂತು. ಬೆರಳು ಕಪ್ಪಗಾಗಿತ್ತು. ನೈಲಾನ್ ಎಳೆಯಿಂದ ಅಂಗಾಲು ಒತ್ತುತ್ತಾ, "ಗೊತ್ತಾಗುತ್ತಾ?" ಅಂತ ಕೇಳಿದೆ. ಹಿಮ್ಮಡಿವರೆಗೂ ಗೊತ್ತಾಗಲಿಲ್ಲ. ಸಕ್ಕರೆ ಏರಿದ ಮೈಯಲ್ಲಿ ಕಾಲಿನ ನರ ಮೊದಲು ಸಾಯುತ್ತದೆ. ಆಮೇಲೆ ಮುಳ್ಳು ಚುಚ್ಚಿದರೂ ನೋವಿಲ್ಲ, ನೋವಿಲ್ಲದ್ದಕ್ಕೆ ಯಾರೂ ಆಸ್ಪತ್ರೆಗೆ ಬರುವುದಿಲ್ಲ. ಗುಳಿಗೆ ಬಿಟ್ಟು ನಾಲ್ಕು ತಿಂಗಳಾಗಿತ್ತು. ಬೀಜ, ಗೊಬ್ಬರದ ಹೊತ್ತಲ್ಲವೇ, ಮೆಡಿಕಲ್ ಸ್ಟೋರಿಗೆ ಕೊಡಲು ಕೈಯಲ್ಲಿ ಏನೂ ಉಳಿದಿರಲಿಲ್ಲವಂತೆ.

ಜಿಲ್ಲಾಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಎಲ್ಲಾ ಕಾರ್ಡಿನಲ್ಲೇ ಆಯಿತು, ಒಂದು ಪೈಸೆ ಕೇಳಲಿಲ್ಲ. ಗಾಯ ತೋರಿಸಲು ಬಂದ ದಿನ ಅವರು ಕೇಳಿದ್ದು, "ಗುಳಿಗೆಗೂ ಈ ಕಾರ್ಡು ನಡೀತೈತಾ ಸಾ?" ಡಿಸ್ಚಾರ್ಜ್ ಆದಮೇಲೆ ಕೆಲವು ದಿನದ ಔಷಧ ಪ್ಯಾಕೇಜಿನಲ್ಲೇ ಸೇರಿರುತ್ತದೆ, ಆಮೇಲಿಲ್ಲ ಎಂದೆ. ಅವರು ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಸುತ್ತಿ ಅಂಗಿ ಒಳಜೇಬಿಗೆ ಹಾಕಿಕೊಂಡರು. ಬೆರಳು ತೆಗೆಯಲು ಸರ್ಕಾರ ಕೊಟ್ಟ ದುಡ್ಡಿನಲ್ಲಿ ಅವರಿಗೆ ಎಷ್ಟೋ ವರ್ಷದ ಗುಳಿಗೆ ಬರುತ್ತಿತ್ತು. ಹೊರರೋಗಿ ಚಿಕಿತ್ಸೆಯನ್ನು ವಿಮೆಯೊಳಗೆ ತರುವವರೆಗೂ ಇಂಥ ಕಾಲುಗಳು ನನ್ನ ಮುಂದೆ ಬರುತ್ತಲೇ ಇರುತ್ತವೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಬೆಂಗಳೂರಿನಲ್ಲಿ ಕೆಲಸ ಬಿಟ್ಟು ಊರಿಗೆ ಬಂದವರಿಗೂ ಒಂದು ಮಾತು. ಕಂಪನಿಯ ಗ್ರೂಪ್ ಪಾಲಿಸಿ ಸಾಮಾನ್ಯವಾಗಿ ಕೆಲಸದ ಜೊತೆಗೇ ಮುಗಿಯುತ್ತದೆ. ಅಮ್ಮನ ಬಿಪಿ, ಅಪ್ಪನ ಶುಗರ್ ಹೊಸ ಪಾಲಿಸಿಗೆ 'ಮೊದಲೇ ಇದ್ದ ಕಾಯಿಲೆ'. ಅದಕ್ಕೆ ಕ್ಲೇಮ್ ಕೊಡದೆ ಕಾಯಿಸುವ ಅವಧಿಯನ್ನು 2024ರಲ್ಲಿ ವಿಮೆ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಗರಿಷ್ಠ 4 ವರ್ಷದಿಂದ 3 ವರ್ಷಕ್ಕೆ ಇಳಿಸಿದೆ. ಆದರೂ ಮೂರು ವರ್ಷವೆಂದರೆ ಕಡಿಮೆಯೇನಲ್ಲ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆಯೇ ಎಂದು ರಾಜೀನಾಮೆಗೆ ಮುಂಚೆಯೇ ವಿಚಾರಿಸಿ. ಹೊಸ ಫಾರಂನಲ್ಲಿ ಕಾಯಿಲೆ ಮಾತ್ರ ಮುಚ್ಚಿಡಬೇಡಿ, ನಮ್ಮ ಹಳೇ ಚೀಟಿಯಲ್ಲಿ ಬರೆದದ್ದು ಕ್ಲೇಮ್ ಹೊತ್ತಿಗೆ ಹೊರಗೆ ಬಂದೇ ಬರುತ್ತದೆ.

ಆ ರೈತರನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ದೀರ್ಘಕಾಲದ ಕಾಯಿಲೆ ನೋಡುವ ಎನ್‌ಸಿಡಿ ಕ್ಲಿನಿಕ್ಕಿಗೆ ಕಳಿಸಿದೆ. ಶುಗರ್, ಬಿಪಿ ಗುಳಿಗೆ ಅಲ್ಲಿ ಪುಕ್ಕಟೆ. ಸ್ಟಾಕ್ ಇಲ್ಲದ ತಿಂಗಳು ಜನೌಷಧಿ ಅಂಗಡಿಯಲ್ಲಿ ತಗೊಳ್ಳುತ್ತಾರೆ. ಮೊನ್ನೆ ಬಂದವರು ನಾನು ಹೇಳುವ ಮೊದಲೇ ಚಪ್ಪಲಿ ಬಿಟ್ಟು, ಎಡಗಾಲನ್ನು ಸ್ಟೂಲಿನ ಮೇಲಿಟ್ಟರು.