ಹೀಟರ್ ಹಾಕದ ಊರಿನಲ್ಲಿ ಕೂಲಂಟಿನ ಗಾಳಿ ತೆಗೆಯುವುದು

ಮುಂಬೈಯಲ್ಲಿ ಕಾರಿನ ಹೀಟರ್ ಹಾಕುವವರು ಇಲ್ಲವೆಂದೇ ಹೇಳಬೇಕು. ಪುಣೆಯವರು ಜನವರಿಯ ಕೆಲವು ಬೆಳಗ್ಗೆ ಹಾಕಿಯಾರು. ಎಂಜಿನನ್ನು ತಂಪಾಗಿಡುವ ದ್ರವವಾದ ಕೂಲಂಟ್ ಬದಲಿಸಿದ ಮೇಲೆ, ಅಥವಾ ಹೋಸ್, ವಾಟರ್ ಪಂಪ್, ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಬಿಚ್ಚಿ ಜೋಡಿಸಿದ ಮೇಲೆ ಉಳಿಯುವ ಗಾಳಿ ಹಲವು ಸಲ ಸೇರಿಕೊಳ್ಳುವುದು ಈ ಹೀಟರಿಗೆ ಬಿಸಿ ಕೂಲಂಟ್ ಒಯ್ಯುವ ಕೊಳವೆಗಳಲ್ಲೇ. ಎಂಜಿನ್ ಕಾದಿದ್ದರೂ ಹೀಟರ್ ತಣ್ಣಗೆ ಊದುತ್ತಿದ್ದರೆ ಅದೇ ಮೊದಲ ಸುಳಿವು. ಹೀಟರನ್ನೇ ಹಾಕದವರಿಗೆ ಆ ಸುಳಿವು ಸಿಗುವುದಿಲ್ಲ. ಬೆಳಗಾವಿಗೆಂದು ಪುಣೆ ಬಿಟ್ಟು ಖಂಬಾಟ್ಕಿ ಘಾಟ್ ಏರುವಾಗಲೋ, ಗೋವಾದಿಂದ ಚೋರ್ಲಾ ಏರುವಾಗಲೋ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿನ ಕಡೆ ಹೊರಟ ಮೇಲೇ ತಿಳಿಯುತ್ತದೆ.

ವಾಟರ್ ಪಂಪ್ ದ್ರವವನ್ನು ತಳ್ಳಬಲ್ಲದು, ಗಾಳಿಯನ್ನು ತಳ್ಳಲಾರದು. ಗಾಳಿ ನಿಂತ ಕಡೆ ಕೂಲಂಟ್ ಹರಿಯದೆ ಅಲ್ಲಿನ ಲೋಹ ಮಾತ್ರ ವಿಪರೀತ ಕಾಯುತ್ತದೆ, ಎಂಜಿನ್ನಿನ ಮೇಲ್ಭಾಗವಾದ ಅಲ್ಯುಮಿನಿಯಂ ಹೆಡ್ ಸೊಟ್ಟಗಾಗಿ, ಅದರ ಕೆಳಗಿನ ಸೀಲಾದ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಇನ್ನೂ ಅಪಾಯದ ಸಂಗತಿ ಎಂದರೆ, ತಾಪದ ಸೆನ್ಸರ್ ಗಾಳಿಯ ಗುಳ್ಳೆಯಲ್ಲಿದ್ದರೆ ಹೆಡ್ ಕುದಿಯುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು. ಈಗಿನ ಎಷ್ಟೋ ಸಣ್ಣ ಕಾರುಗಳಲ್ಲಿ ಮುಳ್ಳೂ ಇಲ್ಲ, ಕೆಂಪು ದೀಪ ಒಂದೇ. ಅದು ಹೊತ್ತಿಕೊಳ್ಳುವಾಗ ಆಗಬೇಕಾದ ಹಾನಿ ಶುರುವಾಗಿರಬಹುದು.

ಮೊದಲು ಬಾನೆಟ್ ಎತ್ತಿ ನಿಮ್ಮ ಕಾರು ಯಾವ ಬಗೆಯದೆಂದು ನೋಡಿಕೊಳ್ಳಿ. ಹಳೆಯ ಮಾರುತಿ 800ರಂಥವುಗಳಲ್ಲಿ ಒತ್ತಡದ ಕ್ಯಾಪ್ ರೇಡಿಯೇಟರಿನ ಮೇಲೇ ಇರುತ್ತದೆ, ಪಕ್ಕದ ಬಾಟಲಿ ಉಕ್ಕಿದ್ದನ್ನು ಹಿಡಿಯುವುದಕ್ಕಷ್ಟೆ. ಫೋಕ್ಸ್‌ವ್ಯಾಗನ್ ಪೋಲೊದಂಥವುಗಳಲ್ಲಿ ರೇಡಿಯೇಟರಿಗೆ ಕ್ಯಾಪ್ ಇಲ್ಲ, ಒತ್ತಡವೆಲ್ಲ ಎಕ್ಸ್‌ಪಾನ್ಶನ್ ಬಾಟಲಿಯಲ್ಲಿ. ಮೊದಲ ಬಗೆಯಲ್ಲಿ ರೇಡಿಯೇಟರನ್ನು ಕತ್ತಿನವರೆಗೂ ತುಂಬಬೇಕು. ಎರಡನೆಯದರಲ್ಲಿ ಮ್ಯಾಕ್ಸ್ ಗೆರೆ ದಾಟಕೂಡದು, ಕೂಲಂಟ್ ಕಾದು ಹಿಗ್ಗಲು ಜಾಗ ಬೇಕು. ಎರಡರಲ್ಲೂ ಎಂಜಿನ್ ಪೂರ್ತಿ ತಣ್ಣಗಾಗದೆ ಕ್ಯಾಪ್ ಮುಟ್ಟಬೇಡಿ. ಒತ್ತಡದಲ್ಲಿರುವ ಕೂಲಂಟ್ ನೂರು ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ, ಕ್ಯಾಪ್ ತಿರುಗಿಸಿದ ಕ್ಷಣ ಉಕ್ಕಿ ಮುಖಕ್ಕೆ ಹಾರುತ್ತದೆ.

ಹಳೆಯ ಕೂಲಂಟನ್ನು ಇಳಿಸುವಾಗ ಅಳತೆಯ ಡಬ್ಬಿಯಲ್ಲಿ ಹಿಡಿಯಿರಿ. ಹೆಚ್ಚಿನವರು ಮಾಡದ, ಆದರೆ ಎಲ್ಲಕ್ಕಿಂತ ಉಪಯೋಗದ ಕೆಲಸ ಇದು. ನಾಲ್ಕು ಲೀಟರ್ ಇಳಿದು, ಮೂರೇ ಲೀಟರ್ ಒಳಗೆ ಹೋಗಿ ಬಾಟಲಿ ತುಂಬಿದಂತೆ ಕಂಡರೆ, ಒಂದು ಲೀಟರಿನ ಜಾಗದಲ್ಲಿ ಗಾಳಿ ಕೂತಿದೆ ಎಂದೇ ಲೆಕ್ಕ. ಬೋರ್‌ವೆಲ್ ನೀರು ಬೇಡ, ಅದರ ಲವಣ ಒಳಗೆ ಪದರ ಕಟ್ಟುತ್ತದೆ. ಕಾನ್ಸಂಟ್ರೇಟ್ ತಂದಿದ್ದರೆ ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ, ಸಾಮಾನ್ಯವಾಗಿ ಅರ್ಧಕ್ಕರ್ಧ, ಡಿಸ್ಟಿಲ್ಡ್ ವಾಟರ್ ಬೆರೆಸಿ. ರೆಡಿಮಿಕ್ಸ್‌ಗೆ ಏನೂ ಬೆರೆಸಬೇಕಿಲ್ಲ. ಬಣ್ಣ ಒಂದೇ ಎಂದು ಬೇರೆ ಜಾತಿಯದನ್ನು ಸೇರಿಸಬೇಡಿ, ಮ್ಯಾನ್ಯುವಲ್ ಹೇಳಿದ್ದನ್ನೇ ಹಾಕಿ.

ಗಾಳಿ ಮೇಲಕ್ಕೇ ಏರುವುದರಿಂದ ಕ್ಯಾಪ್ ಇರುವ ಜಾಗವೇ ಅತಿ ಎತ್ತರದಲ್ಲಿರಬೇಕು. ಕಾರಿನ ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಹಿಂಗಾಲಿಗಳಿಗೆ ಕಲ್ಲು ಕೊಡಿ. ಸೊಸೈಟಿಯ ಪಾರ್ಕಿಂಗ್ ರ‍್ಯಾಂಪ್ ಇದಕ್ಕೆ ಒಳ್ಳೆಯದು, ಆದರೆ ಬಯಲಿಗೆ ತೆರೆದ ಭಾಗ ಮಾತ್ರ. ಬೇಸ್‌ಮೆಂಟಿನಲ್ಲಿ ಎಂಜಿನ್ ಓಡಿಸುತ್ತ ನಿಂತರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ.

ಹೀಟರ್ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಒಂದರಲ್ಲಿಡಿ, ಎ.ಸಿ. ಆರಿಸಿ. ಗುಂಡಿ ತಣ್ಣಗಿನ ಕಡೆ ಇದ್ದರೆ ಹೀಟರಿಗೆ ಹೋಗುವ ವಾಲ್ವನ್ನೇ ಮುಚ್ಚಿಬಿಡುವ ಕಾರುಗಳಿವೆ. ಆಗ ಉಳಿದದ್ದೆಲ್ಲ ಸರಿಯಾಗಿ ಮಾಡಿದರೂ ಅಲ್ಲಿನ ಗಾಳಿ ಕದಲದು. ಆಲಿಕೆ ಇಟ್ಟು ನಿಧಾನ ಸುರಿಯಿರಿ, ರಭಸದಿಂದ ಸುರಿದರೆ ನೀವೇ ಗಾಳಿ ತುಂಬಿದಂತೆ. ಥರ್ಮೋಸ್ಟಾಟ್ ಹೌಸಿಂಗ್, ಹೀಟರ್ ಹೋಸ್ ಅಥವಾ ರೇಡಿಯೇಟರಿನ ಮೂಲೆಯಲ್ಲಿ ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆಯಿಲ್ಲದ ಸಣ್ಣ ಧಾರೆ ಬಂದೊಡನೆ ಮುಚ್ಚಿ. ಅದು ಹೆಚ್ಚಾಗಿ ಪ್ಲಾಸ್ಟಿಕ್ಕಿನದು, ಬಲ ಹಾಕಿದರೆ ಮುರಿಯುತ್ತದೆ.

ಈಗ ಎಂಜಿನ್ ಶುರುಮಾಡಿ, ಕ್ಯಾಪ್ ತೆರೆದೇ ಐಡ್ಲಿಂಗ್‌ನಲ್ಲಿ ಬಿಡಿ. ಗುಳ್ಳೆ ಬರುತ್ತಿರುತ್ತದೆ. ದಪ್ಪ ಗ್ಲೌಸ್ ಹಾಕಿ ಮೇಲಿನ ಹೋಸನ್ನು ಆಗಾಗ ಅದುಮಿ. ಫ್ಯಾನ್ ಯಾವ ಗಳಿಗೆಯಲ್ಲಾದರೂ ತಿರುಗೀತು, ಕೈ, ತೋಳು, ದುಪಟ್ಟಾ ದೂರವಿರಲಿ. ಸುಮಾರು ಹತ್ತು ನಿಮಿಷಕ್ಕೆ, 82ರಿಂದ 90 ಡಿಗ್ರಿಯ ಆಸುಪಾಸಿನಲ್ಲಿ ಥರ್ಮೋಸ್ಟಾಟ್ ತೆರೆದಾಗ ತಣ್ಣಗಿದ್ದ ಹೋಸ್ ತಟ್ಟನೆ ಬಿಸಿಯಾಗಿ, ಕೂಲಂಟ್ ಮಟ್ಟ ಇಳಿಯುತ್ತದೆ. ಗಾಬರಿ ಬೇಡ, ನಾವು ಕಾಯುತ್ತಿದ್ದದ್ದೇ ಅದು. ಇಳಿದಷ್ಟನ್ನು ತುಂಬಿ, 2000 ಆರ್‌ಪಿಎಂಗೆ ಏರಿಸಿ ಒಂದು ನಿಮಿಷ ಹಿಡಿಯಿರಿ. ಫ್ಯಾನ್ ಎರಡು ಸಲ ಓಡಿ ನಿಂತು, ಗುಳ್ಳೆ ಬರುವುದು ನಿಂತು, ಡ್ಯಾಶ್‌ಬೋರ್ಡಿನಿಂದ ಒಂದೇ ಸಮನೆ ಬಿಸಿಗಾಳಿ ಬರತೊಡಗಿದರೆ ಎಂಜಿನ್ ಆರಿಸಿ, ಕ್ಯಾಪ್ ಹಾಕಿ. ಮುಳ್ಳು ದಿನವೂ ನಿಲ್ಲುವ ಗೆರೆ ದಾಟಿದರೆ ಮಾತ್ರ ಅಲ್ಲಿಗೇ ನಿಲ್ಲಿಸಿ, ತಣ್ಣಗಾದ ಮೇಲೆ ಮತ್ತೆ ಶುರುಮಾಡಿ.

ಮರುದಿನ ಬೆಳಗ್ಗೆ ಮಟ್ಟ ನೋಡಿದಾಗ ಸ್ವಲ್ಪ ಇಳಿದಿರುವುದು ಸಹಜ. ತುಂಬಿ, ಊರೊಳಗೆ ಎರಡು ಮೂರು ದಿನ ಓಡಿಸಿ, ಆಮೇಲೆ ಘಾಟ್ ಹತ್ತಿ.

ಆದರೂ ಗುಳ್ಳೆ ನಿಲ್ಲದಿದ್ದರೆ ಅದು ಉಳಿದ ಗಾಳಿಯಲ್ಲ, ಹೊಸದಾಗಿ ಬರುತ್ತಿರುವುದು. ತಣ್ಣನೆಯ ಎಂಜಿನ್ ಶುರುವಾದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಸೈಲೆನ್ಸರಿನಲ್ಲಿ ಸಿಹಿ ವಾಸನೆಯ ಬಿಳಿ ಹೊಗೆ ಇದ್ದರೆ, ಆಯಿಲ್ ಹಾಲು ಬೆರೆತಂತೆ ಕಂಡರೆ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ. ಎಂಜಿನ್ ತಣಿದಾಗ ಹೋಸ್ ಚಪ್ಪಟೆಯಾಗಿ ಒಳಗೆ ಎಳೆದುಕೊಂಡಿದ್ದರೆ ದೋಷ ಹೆಚ್ಚಾಗಿ ಕ್ಯಾಪಿನ ವಾಲ್ವಿನದು. ಅದನ್ನು ಬದಲಿಸುವ ಖರ್ಚು ಸಣ್ಣದು, ಹಾಗಾಗಿ ಮೊದಲು ಅದನ್ನೇ ನೋಡಿ. ಬಿಸಿ ಹೆಚ್ಚಿತೆಂದು ಥರ್ಮೋಸ್ಟಾಟನ್ನೇ ಕಿತ್ತು ಹಾಕಿಸುವುದಕ್ಕೆ ಒಪ್ಪಬೇಡಿ. ಎಂಜಿನ್ ಬೇಕಾದ ಬಿಸಿಗೇ ಬರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಗಾಳಿಯ ತೊಂದರೆ ಹಾಗೇ ಉಳಿಯುತ್ತದೆ.

ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ವಾಟರ್ ಪಂಪಿನ ಕಾರುಗಳಲ್ಲಿ ಪಂಪನ್ನು ಓಡಿಸಲು ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕಾಗಬಹುದು, ಅವನ್ನು ವರ್ಕ್‌ಶಾಪಿಗೇ ಬಿಡಿ. ಇಳಿಸಿದ ಹಳೆಯ ಕೂಲಂಟನ್ನು ಗಟಾರಕ್ಕೆ ಚೆಲ್ಲಬೇಡಿ, ರ‍್ಯಾಂಪಿನ ಮೇಲೆ ಹನಿಯನ್ನೂ ಬಿಡಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿ, ಬೆಕ್ಕು ನೆಕ್ಕುತ್ತವೆ, ಸ್ವಲ್ಪವೇ ಸಾಕು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಚೆಲ್ಲಿದ್ದನ್ನು ಮೊದಲು ಒಣ ಬಟ್ಟೆಯಲ್ಲಿ ಹೀರಿಸಿ ತೆಗೆದು, ಆಮೇಲೆ ಆ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಡಬ್ಬಿಯ ಮುಚ್ಚಳ ಬಿಗಿದು, ಹಳೆಯ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನಲ್ಲಿ ಇದನ್ನೂ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ ಕೊಡಿ.