ಮದರಸಾಕ್ಕೆ ಕಾವಲಿದೆ, ಬೀದರ್‌ನ ಓಣಿಗೆ?

ಬೀದರ್‌ನ ಹಳೇ ಊರಿನಲ್ಲಿ ಚೌಬಾರಾ ಬಿಟ್ಟು, ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಕಡೆ ನಡೆದರೆ ಬಿದ್ರಿ ಅಂಗಡಿಗಳು ಸಿಗುತ್ತವೆ. ಅಕ್ಕಪಕ್ಕದ ಓಣಿಗಳು ಎಷ್ಟು ಇಕ್ಕಟ್ಟೆಂದರೆ, ಕೆಲವು ಕಡೆ ಎರಡು ಬೈಕ್ ಎದುರಾದರೆ ಒಂದು ಹಿಂದೆ ಸರಿಯಬೇಕು. ಮದರಸಾದ ಹತ್ತಿರ ಇರುವವರು ಹಳೇ ಮನೆ ರಿಪೇರಿ ಮಾಡಿಸಲೂ ಅನುಮತಿ ತರಬೇಕು. ದೂರದ ಓಣಿಯವರಿಗೆ ಸ್ಮಾರಕ ಕಾಯುವ ಆ ಕಾನೂನೇ ತಟ್ಟುವುದಿಲ್ಲ. ಒಂದೇ ಊರು, ಒಂದೇ ಕಾಲದ ಗೋಡೆಗಳು. ಹೀಗೇಕೆ?

ಬಹಮನಿ ಸುಲ್ತಾನ ಅಹ್ಮದ್ ಶಾ 15ನೇ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ. ಕೋಟೆಯಲ್ಲಿ ಅರಮನೆ, ಅದಕ್ಕೆ ಅಂಟಿಕೊಂಡೇ ಊರು. ಊರ ನಡುವೆ ಚೌಬಾರಾ ಎಂಬ ದುಂಡನೆಯ ಕಾವಲು ಗೋಪುರ. ಅದರ ಸುತ್ತಲಿನ ಊರಿನ ನಾಲ್ಕು ಭಾಗಗಳಿಗೆ ನಾಲ್ಕು ತಾಲೀಮುಗಳು: ನೂರ್ ಖಾನ್, ಮನಿಯಾರ್, ಪನ್ಸಾಲ್, ಸಿದ್ದೀಖ್ ಶಾ. ಕಸರತ್ತು, ಕುಸ್ತಿ, ಆಯುಧ ವಿದ್ಯೆ ಕಲಿಸುತ್ತಿದ್ದ ಜಾಗಗಳಿವು. ಇವತ್ತಿಗೂ ವಿಳಾಸ ಕೇಳಿದರೆ ಜನ ಹೇಳುವುದು ತಾಲೀಮಿನ ಹೆಸರನ್ನೇ.

ಓಣಿಯ ಕೆಳಗೂ ಒಂದು ಕಥೆ ಇದೆ. ಬೀದರ್ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಅದನ್ನು ಕೊರೆದು ನೆಲದೊಳಗೆ ನೀರು ಹರಿಸುವ ಕರೇಜ್‌ಗಳನ್ನು ಮಾಡಿದ್ದರು. ನೌಬಾದ್‌ನದು ಹೆಸರುವಾಸಿ. ಹಳೇ ಊರಿನ ಅಡಿಯಲ್ಲಿ ಹೋಗುವ ಜಮ್ನಾ ಮೋರಿ ಎಂಬ ಕರೇಜ್‌ನ ಸುದ್ದಿ ಎತ್ತುವವರು ಕಡಿಮೆ.

ಮೇಲೆ, ಮನೆಯ ಪಡಸಾಲೆಯೇ ಬಿದ್ರಿ ಕಾರ್ಖಾನೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಕೆತ್ತಿದ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿದ ಬಿಸಿ ನೀರಲ್ಲಿ ಅದ್ದಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಮನೆ ಹೋದರೆ ಈ ಕೆಲಸದ ಜಾಗವೂ ಹೋಯಿತು, ಅಲ್ವಾ?

ಮದರಸಾ ಕಟ್ಟಿದ್ದು 1472ರಲ್ಲಿ. ಕಟ್ಟಿಸಿದ ಗವಾನ್‌ನನ್ನು 1481ರಲ್ಲಿ ಸುಲ್ತಾನನೇ ಕೊಲ್ಲಿಸಿದ. ಔರಂಗಜೇಬನ ಕಾಲದಲ್ಲಿ ಸ್ಫೋಟವಾಗಿ ಮದರಸಾದ ಒಂದು ಪಾಲು ಉರುಳಿತು. ಆಮೇಲೆ ನಿಜಾಮರ ಆಡಳಿತ ಬಂತು. 1914ರಲ್ಲಿ ಶುರುವಾದ ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥ ಗುಲಾಮ್ ಯಜ್ದಾನಿ ಬೀದರ್‌ನ ಕಟ್ಟಡಗಳನ್ನು ಒಂದೊಂದಾಗಿ ದಾಖಲಿಸಿದರು. ಒಳ್ಳೆಯ ಕೆಲಸವೇ. ಆದರೆ ಕಾಪಾಡಬೇಕಾದ್ದು ಕಟ್ಟಡ ಎಂಬ ದೃಷ್ಟಿಯೇ ಮುಂದೆಯೂ ಉಳಿಯಿತು. 1958ರ ಕೇಂದ್ರ ಕಾನೂನು ಕೂಡ ಸ್ಮಾರಕಗಳದ್ದೇ.

ಆ ಕಾನೂನಿನಡಿ ಬಂದ 1992ರ ಅಧಿಸೂಚನೆ ಸಂರಕ್ಷಿತ ಸ್ಮಾರಕದ ಸುತ್ತ ಗೆರೆ ಎಳೆಯಿತು. 2010ರ ತಿದ್ದುಪಡಿ ಅದನ್ನು ಗಟ್ಟಿ ಮಾಡಿತು. ಮೊದಲ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು, ರಿಪೇರಿಗೆ ಅನುಮತಿ ಬೇಕು. ಅದರಾಚೆ 200 ಮೀಟರ್‌ನಲ್ಲಿ ಅನುಮತಿ ಪಡೆದು ಕಟ್ಟಬಹುದು. ಬಯಲಲ್ಲಿರುವ ಅಷ್ಟೂರಿನ ಬಹಮನಿ ಸುಲ್ತಾನರ ಗೋರಿ ಗುಮ್ಮಟಗಳಿಗೆ ಈ ಲೆಕ್ಕ ಸರಿ. ಮನೆಗೆ ಮನೆ ಅಂಟಿಕೊಂಡ ಊರಲ್ಲಿ 100 ಮೀಟರ್ ಎಂದರೆ ಎಷ್ಟು ಸಂಸಾರ! ಗೆರೆಯ ಒಳಗಿನವರಿಗೆ ಸೋರುವ ಮಾಳಿಗೆಯದೇ ಚಿಂತೆ. ಹೊರಗಿನ ಹಳೇ ಬಾಗಿಲು, ಕಮಾನುಗಳಿಗೆ ಈ ಕಾನೂನಿನ ಆಸರೆ ಇಲ್ಲ.

ಪಾರಂಪರಿಕ ತಾಣಗಳನ್ನು ಉಳಿಸಲು ದುಡಿಯುವ ಅಂತಾರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 2014ರ ತನ್ನ ಕಾಳಜಿಯ ಪಟ್ಟಿಗೆ ಸೇರಿಸಿದ್ದು ಬರೀ ಕೋಟೆಯನ್ನಲ್ಲ, ಐತಿಹಾಸಿಕ ಬೀದರ್ ನಗರವನ್ನು. ನನ್ನ ಮಟ್ಟಿಗೆ ಅದೇ ಸರಿಯಾದ ಅಳತೆ. ಮೊದಲು ತಾಲೀಮುವಾರು ಹಳೇ ಮನೆಗಳ ಪಟ್ಟಿಯಾಗಲಿ. ಸಣ್ಣ ರಿಪೇರಿಯ ಅನುಮತಿ ಬೀದರ್‌ನಲ್ಲೇ, ಮಳೆಗಾಲ ಬರುವುದರೊಳಗೆ ಸಿಗುವಂತಾಗಲಿ.